ಐಸ್ ಪೆಟ್ಟಿಗೆಯ ಮನೆ

ಗಾಜಿನ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಗಿಸಿ, ಒಣಬಟ್ಟೆ ಎತ್ತಿಕೊಳ್ಳುವಾಗ ಫೋನ್ ಬಂತು. ಕೈಗೆಲ್ಲ ಫಿನಾಯಿಲ್ ವಾಸನೆ. ಸೆರಗಿಗೆ ಒರೆಸಿಕೊಂಡು ಎತ್ತಿದೆ. ಕೋಪರಖೈರಣೆಯಿಂದ ಮಗಳ ಅತ್ತೆ ಕುಶಲ.

“ಬಾಗಿಯಕ್ಕ, ಎಂತ ಮಾಡ್ತಾ ಇದ್ದೀರಿ?”

“ಎಂತ ಇಲ್ಲ, ಒರೆಸ್ತಾ ಇದ್ದೆ.”

ಏನನ್ನು ಒರೆಸುತ್ತಿದ್ದೇನೆ ಎಂದು ಅವರು ಕೇಳಲಿಲ್ಲ. ಗೊತ್ತಿತ್ತು.

ಡೊಂಬಿವಲಿಯ ನಮ್ಮ ಮನೆಯಲ್ಲಿ, ಬಾಗಿಲು ತೆಗೆದರೆ ಎದುರಿಗೇ, ಕಿಟಕಿಯ ಕೆಳಗೆ ಸೇವಾ ಕ್ಲಬ್ಬಿನ ಐಸ್ ಪೆಟ್ಟಿಗೆ ಇತ್ತು. ಯಾರಾದರೂ ತೀರಿಕೊಂಡಾಗ, ದೂರದ ಊರಿನಿಂದ ಬರುವವರಿಗಾಗಿ ಕಾಯಬೇಕಾದರೆ, ಶವವನ್ನು ಅದರಲ್ಲಿ ಮಲಗಿಸುತ್ತಾರೆ. ಕ್ಲಬ್ಬಿನವರು ಕಣ್ಣಿನ ಶಿಬಿರ ಮಾಡುತ್ತಾರೆ, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚುತ್ತಾರೆ. ಅದಕ್ಕೆಲ್ಲ ಜಾಗ ಕೊಡಲು ನಾ ಮುಂದೆ ತಾ ಮುಂದೆ ಎನ್ನುವವರು, ಈ ಪೆಟ್ಟಿಗೆ ಬಂದಾಗ ಮಾತ್ರ ತಮ್ಮ ತಮ್ಮ ಹೌಸಿಂಗ್ ಸೊಸೈಟಿ ಒಪ್ಪುವುದಿಲ್ಲ ಎಂದು ಜಾರಿಕೊಂಡರು. ನಮ್ಮದು ಹಳೆಯ ಬಿಲ್ಡಿಂಗು, ನೆಲ ಅಂತಸ್ತಿನ ಮನೆ, ಕೇಳುವವರಿಲ್ಲ. ನಮ್ಮವರು, ದೇಜಪ್ಪ, ಎದ್ದು ನಿಂತು “ನಮ್ಮಲ್ಲಿ ಇಡುವ” ಎಂದರಂತೆ.

ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಜೀವಮಾನವೆಲ್ಲ ಸೌಟು ಹಿಡಿದ ಮನುಷ್ಯ. ಸಭೆಯಲ್ಲಿ ಅವರ ಮಾತಿಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಆ ಖುಷಿಯಲ್ಲಿ ಪೇಂಟರನ್ನು ಕರೆಸಿ, ಪೆಟ್ಟಿಗೆಯ ಪಕ್ಕಕ್ಕೆ ಕೆಂಪು ಅಕ್ಷರದಲ್ಲಿ ತಮ್ಮ ಹೆಸರು, ಫೋನ್ ನಂಬರು ಬರೆಸಿದರು. ತಪ್ಪಾದದ್ದು ಅಲ್ಲಿ. ಮಗಳು ಜ್ಯೋತಿಯ ಸೀಮಂತದ ಕಾರ್ಡಿನಲ್ಲೂ ಅದೇ ಹೆಸರು, ಅದೇ ನಂಬರು. ಥಾಣೆ ನಗರದಲ್ಲಿರುವ ಕುಶಲರ ಅಣ್ಣ ಪಕ್ಕದ ಮನೆಯ ಸಾವಿಗೆ ಹೋಗಿ ಪೆಟ್ಟಿಗೆ ನೋಡಿ ಬಂದಿದ್ದರು. ಅದೇ ವಾರ ಕಾರ್ಡು ಅವರ ಕೈಗೆ ಹೋಯಿತು, ಪೆಟ್ಟಿಗೆ ಇರುವುದು ನಮ್ಮ ಮನೆಯಲ್ಲೆಂದು ಕುಶಲರಿಗೂ ತಿಳಿಯಿತು.

“ನಮಗೂ ಕಳಿಸಬೇಕು ಅಂತ ಉಂಟು ಬಾಗಿಯಕ್ಕ,” ಎಂದರು ಕುಶಲ. “ಚೊಚ್ಚಲು. ತಾಯಿಮನೆಯಲ್ಲೇ ಆಗ್ಬೇಕು. ಆದ್ರೆ ಬಸುರಿಯನ್ನು ಆ ಪೆಟ್ಟಿಗೆಯ ಬದಿಯಲ್ಲಿ ಮಲಗಿಸ್ಲಿಕ್ಕೆ ಆಗ್ತದಾ? ಪೆಟ್ಟಿಗೆ ಅಲ್ಲಿಂದ ಹೋಗ್ಲಿ, ಮರುದಿನ ನಾನೇ ಅವಳನ್ನು ತಂದು ಬಿಡ್ತೇನೆ.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಕ್ಲಬ್ಬಿನ ಅಧ್ಯಕ್ಷ ವಿಷ್ಣುಮೂರ್ತಿಯವರನ್ನು ಮೊದಲೇ ಕೇಳಿದ್ದೆ. “ಬಾಯಿಮಾತಲ್ಲಿ ಆಗುದಿಲ್ಲ ಬಾಗಿಯಕ್ಕ. ಒಂದು ಲೆಟರ್ ಕೊಡಿ, ಮೀಟಿಂಗಿನಲ್ಲಿ ಇಡ್ತೇನೆ” ಎಂದಿದ್ದರು. ರಾತ್ರಿಶಾಲೆಯಲ್ಲಿ ಕಲಿಸಿದಂತೆ ‘ಮಾನ್ಯರೇ’ ಎಂದು ಶುರುಮಾಡಿ, ‘ನಮ್ಮ ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ, ಆದಕಾರಣ ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಬೇಕಾಗಿ ವಿನಂತಿ’ ಎಂದು ಬರೆದು ನಮ್ಮವರ ಕೈಗಿತ್ತೆ. ಇವರು ಓದಿ, ಮಡಚಿ ಕಪಾಟಿನಲ್ಲಿಟ್ಟರು.

“ಬೇರೆ ಜಾಗ ಇಲ್ಲ ಮಾರಾಯ್ತಿ. ಲೆಟರ್ ಕೊಟ್ರೆ ಪೆಟ್ಟಿಗೆ ಗೋಡೌನಿಗೆ ಹೋಗ್ತದೆ. ಗೋಡೌನಿಗೆ ಹೋದದ್ದು ತುಕ್ಕು ಹಿಡಿದೇ ಹೊರಗೆ ಬರುದು.”

“ಹಾಗಾದ್ರೆ ಮಗಳು ಬರುದು ಬೇಡವಾ?”

“ಬರ್ಲಿ ಅಂತಲೇ ನನಗೂ. ಇನ್ನೂ ದಿನ ಉಂಟಲ್ಲ.”

ನಾನು ಕಾಯುವವಳು. ಓಮ ಹುರಿದಿಟ್ಟೆ, ಹಳೆಯ ಮೆತ್ತನೆಯ ಸೀರೆಗಳನ್ನು ಕುದಿಸಿ ಒಣಗಿಸಿ, ಮಗುವಿಗೆಂದು ತುಂಡು ಮಾಡಿಟ್ಟೆ.

ಅಷ್ಟರಲ್ಲಿ ಪೆಟ್ಟಿಗೆ ಬೇಕೆಂದು ರಬಾಳೆಯಿಂದ ಫೋನ್ ಬಂತು. ವಿಜಯಪುರ ಕಡೆಯ ಶಿವರಾಯ ಎಂಬ ಹಮಾಲನ ಮೇಲೆ ಮೂಟೆಗಳ ರಾಶಿ ಕುಸಿದು ಬಿದ್ದಿತ್ತು. ತಾಯಿ ಊರಿನಿಂದ ರೈಲಿನಲ್ಲಿ ಬರಬೇಕು. ಹೆಂಡತಿ ಭೀಮಮ್ಮ ಒಬ್ಬಳೇ ಎಂದು ಕೇಳಿ ಟೆಂಪೋದಲ್ಲಿ ನಾನೂ ಹೋದೆ.

ತಗಡಿನ ಸೂರಿನ ಒಂದೇ ಕೋಣೆಯ ಖೋಲಿ. ಪೆಟ್ಟಿಗೆ ಇಟ್ಟ ಮೇಲೆ ಕಾಲಿಡಲು ಜಾಗವಿರಲಿಲ್ಲ. ಭೀಮಮ್ಮ ಗಾಜಿಗೆ ಕೆನ್ನೆಯಾನಿಸಿ ಕುಳಿತಿದ್ದಳು.

“ಶೆಕಿ, ಶೆಕಿ ಅಂತ ರಾತ್ರಿಯೆಲ್ಲ ಹೊಳ್ಯಾಡ್ತಿದ್ದ ಯವ್ವಾ. ಫ್ಯಾನ್ ತರೂಣು ಅಂದ್ರ, ಬರೂ ತಿಂಗಳ, ಬರೂ ತಿಂಗಳ ಅಂತಿದ್ದ. ಈಗ ನೋಡ್ರಿ, ಹೆಂಗ ತಣ್ಣಗ ಮಲಗ್ಯಾನ.”

ಬಾಗಿಲಲ್ಲಿದ್ದ ಯಾರೋ ಹೆಂಗಸು ನಕ್ಕಂತಾಗಿ, ಅದೇ ಉಸಿರಿನಲ್ಲಿ ಅತ್ತಳು.

ಮಾರನೆಯ ದಿನ ಮುದುಕಿ ಬಂದಳು. ಮಗನ ಮುಖವನ್ನು ಗಾಜಿನ ಮೇಲಿಂದ ಸವರಿದಳು. “ಮಾರಿ ಕೆಟ್ಟಿಲ್ಲ. ಮಲಗಿದಂಗ ಐತಿ ನನ್ನ ಕೂಸು” ಎಂದಳು. ಆಮೇಲೇ ಎತ್ತಿದರು. ಹೊರಡುವಾಗ ಭೀಮಮ್ಮ ನನ್ನ ಕೈ ಹಿಡಿದು, “ಇದು ಇರಲಿಲ್ಲಂದ್ರ ಹಡೆದ ತಾಯಿಗೆ ಬರೀ ಮಣ್ಣು ತೋರಿಸಬೇಕಾಗ್ತಿತ್ತು” ಎಂದಳು.

ಮನೆಗೆ ಬಂದು ಗಾಜಿನ ಮೇಲಿನ ಕೈಗುರುತುಗಳನ್ನು ಒರೆಸಿದೆ. ಪತ್ರದ ಮಾತನ್ನು ಆ ವಾರ ನಾನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ದಿನ ತುಂಬುವ ಮೊದಲೇ ಜ್ಯೋತಿಗೆ ನೋವು ಬಂತು. ಅಳಿಯ ಅಕ್ಷಿತ್ ಫೋನಿನಲ್ಲಿ “ಅತ್ತೆ, ಬನ್ನಿ” ಎಂದಷ್ಟೇ ಹೇಳಿದ. ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು. ಗಂಡುಮಗು. ಅಳಲೇ ಇಲ್ಲವಂತೆ.

ವಾರ್ಡಿನ ಹೊರಗೆ ಕುಶಲ ಕುಳಿತಿದ್ದರು. ಏನು ಅನ್ನುತ್ತಾರೋ ಎಂದು ದೂರದಲ್ಲೇ ನಿಂತೆ. ಅವರು ಎದ್ದು ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟರು.

“ನಾನು ಕಳಿಸ್ಲಿಲ್ಲ ಬಾಗಿಯಕ್ಕ. ಕಳಿಸಿದ್ರೆ ಪೆಟ್ಟಿಗೆಯಿಂದ ಆಯ್ತು ಅಂತ ನಿಮ್ಮನ್ನು ಬೈಯ್ತಿದ್ದೆ. ಈಗ ಯಾರನ್ನು ಬೈಲಿ?”

ಜ್ಯೋತಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ತಲೆ ಸವರಿದೆ.

“ಮನೆಗೆ ಬರ್ತೇನೆ ಅಮ್ಮ.”

“ಬಾ ಮಗಾ.”

“ಅದು ಉಂಟಾ?”

“ಉಂಟು.”

ಹೊದಿಕೆಯ ಅಂಚನ್ನು ಮಡಚತೊಡಗಿದಳು. “ಅದರಿಂದ ಆದದ್ದಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ಬಾಗಿಲು ತೆಗೆದ ಕೂಡ್ಲೇ ಅದೇ ಕಾಣ್ತದಲ್ಲಾ… ಅಷ್ಟು ದೊಡ್ಡದು. ಇವನಿಗೆ ಒಂದು ಸಣ್ಣ ಬಟ್ಟೆ ಸಾಕಾಯ್ತು. ಅಪ್ಪನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾರೆ.”

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಎಳನೀರಿನ ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು ಹೊರಗೆ ಹೋದರು.

ಮನೆ ಮುಟ್ಟಿದ ಮೇಲೆ ಇವರು ಚಪ್ಪಲಿ ಕಳಚಲಿಲ್ಲ. ನೇರ ಕಪಾಟಿಗೆ ಹೋಗಿ ಪತ್ರ ತೆಗೆದರು. ಓದಿದರು. ಮತ್ತೆ ಓದಿದರು.

“ಬಾಗಿ, ಇದರಲ್ಲಿ ಬಾಣಂತನಕ್ಕೆ ಅಂತ ಉಂಟಲ್ಲ.”

“ಬಾಣಂತಿಯೇ ಅಲ್ಲವಾ ಅವಳು?”

“ಹೌದು. ಆದ್ರೆ ಕೇಳಿದವರು ಮಗು ಎಂತದು ಅಂತ ಕೇಳ್ತಾರೆ.”

ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇನೆ ಎಂದೆ. ಬೇಡ, ತಡವಾಗುತ್ತದೆ ಎಂದರು. ಆ ಒಂದು ಪದದ ಮೇಲೆ ಗೆರೆ ಎಳೆದು ಕೊಟ್ಟೆ. ‘ನಮ್ಮ ಮಗಳು ಬರುವವಳಿದ್ದಾಳೆ’ ಎಂದಷ್ಟೇ ಉಳಿಯಿತು.

ಸ್ಟೇಷನ್ನಿನ ಹತ್ತಿರದ ವಿಷ್ಣುಮೂರ್ತಿಯವರ ಅಂಗಡಿಗೆ ಇಬ್ಬರೂ ಹೋದೆವು. ಅವರು ಕನ್ನಡಕ ಏರಿಸಿ ಓದಿದರು.

“ಎಲ್ಲಿ ಇಡುದು ದೇಜಣ್ಣ ಇದನ್ನು? ಯಾರೂ ಒಪ್ಪುದಿಲ್ಲ, ನಿಮಗೇ ಗೊತ್ತುಂಟು.”

“ಗೊತ್ತುಂಟು. ಗೋಡೌನಿಗೇ ಹೋಗ್ಲಿ,” ಎಂದರು ಇವರು. ಪತ್ರವನ್ನು ಹಿಂದಕ್ಕೆ ಚಾಚಿದ ವಿಷ್ಣುಮೂರ್ತಿಯವರ ಕೈಯನ್ನು ಮೆಲ್ಲಗೆ ಅವರ ಕಡೆಗೇ ದೂಡಿದರು. “ಇಟ್ಕೊಳ್ಳಿ ಮಾರ್ರೆ.”