ಗೋಡೆ ಸವರುವ ರಾಮಲಿಂಗಯ್ಯ

ರಾಮಲಿಂಗಯ್ಯನವರನ್ನು ನಾನು ಮೊದಲು ಕಂಡದ್ದು ಮಾಗಡಿಯ ಹಳೇ ಪೇಟೆ ಬೀದಿಯೊಂದರಲ್ಲಿ, ದೀಪ ಹಚ್ಚುವ ಹೊತ್ತಿಗೆ. ಹಚ್ಚಲು ಅಲ್ಲಿ ಯಾರೂ ಇರಲಿಲ್ಲ. ಎರಡೂ ಬದಿಯ ಮನೆಗಳಿಗೆ ಬೀಗ ಬಿದ್ದಿತ್ತು, ತೊಲೆಗಳ ಸಂದಿಯಲ್ಲಿ ಬಾವಲಿಗಳಿದ್ದವು. ಮೊಣಕಾಲು ಮುಟ್ಟುವ ಖಾಕಿ ಕೋಟು ತೊಟ್ಟು, ಬಲಗಾಲನ್ನು ತುಸು ಎಳೆಯುತ್ತ ಬರುತ್ತಿದ್ದ ಆ ಮುದುಕರ ಎಡಗೈ, ಕುರಿ ಕಾಯುವವನು ಮಂದೆಯ ಬೆನ್ನುಗಳನ್ನು ಮುಟ್ಟಿಕೊಂಡು ನಡೆಯುವಂತೆ, ಗೋಡೆಗಳನ್ನು ಸವರಿಕೊಂಡೇ ಬರುತ್ತಿತ್ತು. ಬೀದಿಯ ಕೊನೆಯಲ್ಲಿದ್ದ ಛತ್ರದ ಮುಂದೆ ಕೈ ನಿಂತಿತು. ಅಂಗೈಯನ್ನು ನನ್ನತ್ತ ಚಾಚಿದರು. ಒದ್ದೆಯಾಗಿತ್ತು.

"ಒಸಿ ನಾಲ್ಗೆಗಿಟ್ಕಂಡು ನೋಡಿ ಸ್ವಾಮಿ. ಕಣ್ಣೀರು."

ಗೋಡೆಗೆ ಬೆರಳು ತಾಗಿಸಿ ನಾನೂ ನೋಡಿದೆ. ಉಪ್ಪಾಗಿಯೇ ಇತ್ತು.

ಸಂತೆಗೆ ಬಂದವರು ತಂಗುತ್ತಿದ್ದ ಆ ಛತ್ರವನ್ನು ಗುಡಿಸಿ ಸಾರಿಸುತ್ತಿದ್ದವರು ರಾಮಲಿಂಗಯ್ಯನವರ ತಾಯಿ. ಅವರ ನಂತರ ಮಗನೇ ಕಾವಲುಗಾರ. ಕೆಲವು ವರ್ಷಗಳ ಹಿಂದೆ ಬೀದಿಯವರೇ ಪ್ರೀತಿಯಿಂದ ವಂತಿಗೆ ಎತ್ತಿ, ಗಟ್ಟಿಯಾಗಿರಲಿ ಎಂದು ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿಸಿದ್ದರು. ಮರು ಮಳೆಗಾಲಕ್ಕೆ ಗೋಡೆ ಜಿನುಗತೊಡಗಿತು. ಮನೆ ಅಳುತ್ತಿದೆ ಎಂದು ರಾಮಲಿಂಗಯ್ಯ ಆಡಿದ ಒಂದೇ ಮಾತನ್ನು ಜನ ಅಪಶಕುನವೆಂದು ಬಗೆದರು; ಮೊದಲು ಬಳೆ ಅಂಗಡಿ ಮುಚ್ಚಿತು, ಆಮೇಲೆ ಹಿಟ್ಟಿನ ಗಿರಣಿ, ಆಮೇಲೆ ಒಂದೊಂದೇ ಮನೆ.

ಛತ್ರ ಕೆಡವುವ ಮಾತು ಬಂದಾಗ ಬೀದಿಯವರ ಸಭೆ ಸೇರಿತು. ಬೇಡವೆಂದು ಎದ್ದು ನಿಂತವರು ರಾಮಲಿಂಗಯ್ಯ ಒಬ್ಬರೇ. ಬಳೆ ಅಂಗಡಿಯ ಕೆಂಪರಾಜು ಬಿಡಲಿಲ್ಲ: "ಅಳ್ತಾ ಐತೆ ಅಂತ ಊರೆಲ್ಲ ಸಾರಿದೋನು ನೀನೇ ಅಲ್ವೇನ್ಲಾ? ಈಗ ಕೆಡವ್‌ಬ್ಯಾಡಿ ಅಂದ್ರೆ?"

ಜನ ನಕ್ಕರು. ರಾಮಲಿಂಗಯ್ಯ ಕೋಟಿನ ಗುಂಡಿ ತಿರುವುತ್ತ ನಿಂತರು. "ಅಂದೆ ಕಣ್ಲಾ. ಅಳ್ತಾವ್ಳೆ ಅಂತ ಹೆತ್ತೋಳ್ನ ಸಾಯಿಸ್ತಾರೇನ್ಲಾ?"

ನನ್ನನ್ನು ಅಲ್ಲಿಗೆ ಕರೆತಂದಿದ್ದ, ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಭಾನುಪ್ರಿಯ, ಬೇಸಿಗೆ ಮುಗಿಯುವವರೆಗೆ ಗಡುವು ಕೇಳಿ ಪಡೆದಳು.

"ಅದು ಅಳು ಅಲ್ಲ ತಾತ. ಗಾರೆ ಗೋಡೆ ಉಸಿರಾಡಬೇಕು. ಸಿಮೆಂಟು ಅದರ ಮೂಗು ಮುಚ್ಚೈತೆ, ತೇವ ಒಳಗೇ ಸಿಕ್ಕಾಕ್ಕೊಂಡೈತೆ."

"ಉಸಿರು ಕಟ್ಟುದ್ರೂ ಕಣ್ಣಲ್ಲಿ ನೀರು ಬತ್ತದೆ ಕಣವ್ವ," ಎಂದರು ಅವರು.

ಸಿಮೆಂಟು ಕಳಚಿದ ದಿನ ಕೂಲಿಯವರು ಹಾರೆ ಕೆಳಗಿಟ್ಟು ಹಿಂದೆ ಸರಿದರು. ಸಿಮೆಂಟಿನ ಅಡಿಯಿದ್ದ ಗೋಡೆಯ ತುಂಬ, ಸೊಂಟದೆತ್ತರಕ್ಕೆ, ಸಾಲಾಗಿ ಅಂಗೈಗಳು. ಹಬ್ಬಕ್ಕೆ ಸುಣ್ಣ ಬಳಿದಾಗ ಬೀದಿಯ ಹೆಂಗಸರು ಕೆಮ್ಮಣ್ಣಿನಲ್ಲಿ ಒತ್ತುತ್ತಿದ್ದ ಗುರುತುಗಳು. ಒಳಗಿದ್ದವರು ಆಚೆ ಬರಲು ತಳ್ಳುತ್ತಿರುವಂತೆ ಕಾಣುತ್ತಿತ್ತು. ಕಿರುಬೆರಳು ಅರ್ಧವೇ ಇದ್ದ ಒಂದು ಅಂಗೈಯ ಮುಂದೆ ರಾಮಲಿಂಗಯ್ಯ ನಿಂತರು.

"ನಮ್ಮವ್ವ. ಕುಡುಗೋಲು ತಗುಲಿತ್ತು."

ಆ ಸಾಲನ್ನು ಹಾಗೆಯೇ ಬಿಟ್ಟು ಉಳಿದುದಕ್ಕೆ ಸುಣ್ಣದ ಗಾರೆ ಬಳಿದರು. ಬೇಸಿಗೆಯಲ್ಲಿ ಗೋಡೆ ಒಣಗಿತು. ಛತ್ರದ ಮುಂಗೋಣೆಯಲ್ಲಿ ದಾಸಮ್ಮನ ಮುದ್ದೆ ಊಟದ ಹೋಟೆಲು ಬಂತು. ಊಟಕ್ಕೆ ಬರುವ ಜನರನ್ನು ನೋಡಿ ಕೆಂಪರಾಜು ಗೊಣಗುತ್ತಲೇ ಅಂಗಡಿಯ ಬಾಗಿಲು ತೆಗೆದ. ಬೀಗಗಳು ಒಂದೊಂದಾಗಿ ಕಳಚಿದವು. ಆದರೆ ಆ ಅರ್ಧ ಬೆರಳಿನ ಅಂಗೈ ಮಾತ್ರ ಇನ್ನೂ ಒಣಗಿಲ್ಲ. ಒಳಗೆ ಉಳಿದ ಉಪ್ಪು, ಹೋಗಲು ಕಾಲ ಬೇಕು ಎನ್ನುತ್ತಾಳೆ ಭಾನುಪ್ರಿಯ, ತುಸು ದೂರದಲ್ಲೇ ನಿಂತು.

ಮನೆಗೆ ಜೀವವಿದೆ ಎಂದು ನಂಬುವ ಇಂಥವರ ಮಾತಿಗೆ ಒಮ್ಮೊಮ್ಮೆ ಇಡೀ ಬೀದಿಯೇ ಬರಿದಾಗುತ್ತದೆ. ಬರಿದಾದ ಬೀದಿಯಲ್ಲಿ ಉಳಿದು ಕಾಯುವವರೂ ಇವರೇ.

ಈಗಲೂ ರಾಮಲಿಂಗಯ್ಯ ಬೆಳಿಗ್ಗೆ ಛತ್ರದ ಬಾಗಿಲು ತೆಗೆಯುತ್ತಾರೆ, ಸಂಜೆ ಹಾಕುತ್ತಾರೆ. ಕೈ ಗೋಡೆ ಸವರುತ್ತ ಹೋಗುತ್ತದೆ. ಆ ಒಂದು ಅಂಗೈಯ ಹತ್ತಿರ ಬಂದಾಗ ಮಾತ್ರ, ಕೋಟಿನ ತುದಿಯಿಂದ ಅದನ್ನು ಒರೆಸಿ ಮುಂದೆ ನಡೆಯುತ್ತಾರೆ.