ಗುಂಡಿಯಕ್ಕನ ತುಟಿ

ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತ ಗುಂಡಿಯಕ್ಕನಿಗೆ ಮೊದಲು ಕಂಡದ್ದು ತುಟಿ, ಆಮೇಲೆ ಉಳಿದ ಮುಖ. ಮೇಲಿನ ತುಟಿ ಊದಿ ಮೂಗಿಗೆ ತಾಗುವುದೊಂದು ಬಾಕಿ. ಕೆಳಗಿನದು ಬಿರಿದು, ಅಂಚಿನ ಉದ್ದಕ್ಕೂ ಸಣ್ಣ ನೀರುಗುಳ್ಳೆ ಎದ್ದು, ನಡುವೆ ಸಿಪ್ಪೆ ಸುಲಿಯುತ್ತಿತ್ತು. ಅವತ್ತಿಗೆ ಸರಿಯಾಗಿ ಇಪ್ಪತ್ತೊಂದನೆಯ ದಿನ. ಇಷ್ಟೂ ದಿನ ಅವಳು ತುಟಿಗೆ ಏನೆಂದರೆ ಏನೂ ಹಚ್ಚಿರಲಿಲ್ಲ. ಲಿಪ್ ಬಾಮ್ ಇಲ್ಲ, ಲಿಪ್‌ಸ್ಟಿಕ್ ಇಲ್ಲ, ಎಣ್ಣೆ ಇಲ್ಲ. ಹಲ್ಲಿನ ಪೇಸ್ಟನ್ನೂ ಬಿಟ್ಟು ಬರೀ ಉಪ್ಪಿನಲ್ಲಿ ಉಜ್ಜಿದ್ದಳು. ಆದರೂ ತುಟಿ ಹೀಗಿದೆ ಎಂದರೆ, ನಾಳೆ ಭಾನುವಾರ ತಂಗಿಯ ಮುಂದೆ ಹೋಗಿ, ನಾಲ್ಕು ಜನ ಕೇಳುವಂತೆ, ತಪ್ಪು ನನ್ನದು ಎಂದು ಹೇಳಲೇಬೇಕು.

ಬೈಯೋಣವೆಂದರೆ ತುಟಿ ಅಗಲಿಸಲಾಗದು. ಬೈಯಲಾಗದ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಇನ್ನೊಂದಿಲ್ಲ.

ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೈಹೊಲಿಗೆ ಅವಳದೇ. ಮಾಸ್ಟರು ಬಟ್ಟೆ ಕತ್ತರಿಸುತ್ತಾರೆ, ಮಿಷನ್ನಿನವರು ಹೊಲಿಯುತ್ತಾರೆ, ಕೊನೆಗೆ ಕೋಟು ಬರುವುದು ಕಿಟಕಿಯ ಪಕ್ಕದ ಇವಳ ಹಲಗೆಗೆ. ಗುಂಡಿ, ಗುಂಡಿ ತೂರುವ ಕಾಜಾ, ಕಾಲರಿನ ಒಳಹೊಲಿಗೆ ಎಲ್ಲ ಇವಳ ಪಾಲು. ಹಾಗಾಗಿ ಬೀದಿಗೆಲ್ಲ ಅವಳು ಗುಂಡಿಯಕ್ಕ. ಅವಳು ಹಾಕಿದ ಗುಂಡಿ ಕಿತ್ತು ಬಂದದ್ದು ಯಾರೂ ಕಂಡಿಲ್ಲ. ಕೋಟು ಹರಿದರೂ ಗುಂಡಿ ಉಳಿಯುತ್ತದೆ ಎಂದು ಮಾಸ್ಟರು ಗಿರಾಕಿಗಳಿಗೆ ಹೇಳುವುದುಂಟು.

ತಂಗಿ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಗ್ರಾಂ ಲೆಕ್ಕದಲ್ಲಿ ತೂಗುವ ಕೈ. ಎಂಟು ತಿಂಗಳ ಹಿಂದೆ, ಜೇನು ಸಾಕುವವರೊಬ್ಬರಿಂದ ಹಸಿ ಮೇಣ ತಂದು, ಕರಗಿಸಿ, ಬಟ್ಟೆಯಲ್ಲಿ ಸೋಸಿ, ಎಣ್ಣೆ ಬೆರೆಸಿ ಲಿಪ್ ಬಾಮ್ ಮಾಡಲು ಶುರುಮಾಡಿದಳು. ಮೊದಲ ಡಬ್ಬಿ ಅಕ್ಕನಿಗೇ ಕೊಟ್ಟಳು. ಅಕ್ಕ ಹಚ್ಚಿದಳು, ಹೊಗಳಿದಳು, ಅಂಗಡಿಯವರಿಗೆಲ್ಲ ಹಂಚಿದಳು. ಎರಡು ತಿಂಗಳು ಎಲ್ಲ ನೆಟ್ಟಗಿತ್ತು. ಆಮೇಲೆ ತುಟಿ ತುರಿಸತೊಡಗಿತು, ಒಣಗಿತು, ಒಡೆಯಿತು. ಒಡೆದದ್ದಕ್ಕೆ ಇನ್ನಷ್ಟು ಹಚ್ಚಿದಳು. ಇನ್ನಷ್ಟು ಒಡೆಯಿತು. ತಂಗಿಗೆ ಹೇಳಲು ಮನಸ್ಸು ಬಾರದೆ ಔಷಧಿ ಅಂಗಡಿಯಿಂದ ಒಂದಾದ ಮೇಲೊಂದು ಐದು ನಮೂನೆ ತಂದು ಹಚ್ಚಿ ನೋಡಿದಳು. ಹೆಸರು ಬೇರೆ, ಬಣ್ಣ ಬೇರೆ. ಹಚ್ಚಿದ ಮೂರನೆಯ ದಿನ ಆಗುವುದು ಮಾತ್ರ ಅದೇ. ಅಳಿಯ ಅಲ್ಲ, ಮಗಳ ಗಂಡ. ಕೊನೆಗೆ ಮನೆಯದೇ ವಾಸಿ ಎಂದು ತಂಗಿಯ ಡಬ್ಬಿಗೇ ಮರಳಿದಳು. ಆಗ ಎದ್ದಿತು ನೋಡಿ ಊತ.

ಅವತ್ತೂ ಭಾನುವಾರ. ಬೀದಿ ಮಾರುಕಟ್ಟೆಯಲ್ಲಿ ತಂಗಿ ಸಣ್ಣ ಮೇಜು ಹಾಕಿ ಡಬ್ಬಿ ಜೋಡಿಸಿಕೊಂಡು ಕೂತಿದ್ದಳು. ಬಾಯಿಗೆ ಬಟ್ಟೆ ಸುತ್ತಿಕೊಂಡು ತರಕಾರಿಗೆ ಹೊರಟಿದ್ದ ಗುಂಡಿಯಕ್ಕನನ್ನು ಕಂಡು, ಮುಂದೆ ನಿಂತಿದ್ದ ಗಿರಾಕಿಗಳಿಗೆ ಅವಳು ಹೆಮ್ಮೆಯಿಂದ ಹೇಳಿದಳು: "ಇವ್ರು ನಮ್ಮಕ್ಕ. ದಿನಾ ಇದನ್ನೇ ಹಚ್ಚೋದು."

ಗುಂಡಿಯಕ್ಕ ಬಾಯಿಯ ಬಟ್ಟೆ ಕೆಳಗೆಳೆದಳು. "ಹೌದು. ಹಚ್ಚಿದ್ದಕ್ಕೇ ಹೀಗಾಗಿರೋದು."

ಗಿರಾಕಿಗಳು ಒಬ್ಬೊಬ್ಬರಾಗಿ ಡಬ್ಬಿಗಳನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಗುಂಡಿಯಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಮೂಗಿನ ತುದಿಯ ಕೋಪ, ಏನು ಮಾಡುವುದು. ತಂಗಿ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಸಂಜೆ ಮನೆಗೆ ಬಂದು ಒಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು ಷರತ್ತು ಹಾಕಿದಳು.

"ಮೂರು ವಾರ ತುಟಿಗೆ ಏನೂ ಮುಟ್ಟಿಸ್ಬೇಡ. ವಾಸಿ ಆದ್ರೆ ನಾನು ಬಾಮ್ ಮಾಡೋದನ್ನೇ ಬಿಟ್ಬಿಡ್ತೀನಿ. ಆಗ್ಲಿಲ್ಲ ಅಂದ್ರೆ, ಅದೇ ಮೇಜಿನ ಮುಂದೆ ಬಂದು ನಿಂದೇ ತಪ್ಪು ಅಂತ ಹೇಳ್ಬೇಕು. ಅಲ್ಲಿವರ್ಗೂ ನನ್ನ ಮಾತಾಡಿಸ್ಬೇಡ."

ಈಗ ಆ ಮೂರು ವಾರ ಮುಗಿದಿತ್ತು. ಅಕ್ಕತಂಗಿಯರು ಅಷ್ಟು ದಿನ ಮಾತು ಬಿಟ್ಟದ್ದು ಹುಟ್ಟಿದ ಮೇಲೆ ಇದೇ ಮೊದಲು. ಬಸ್ ಓಡಿಸುವ ಗಂಡ, ನಾದಿನಿಯ ಪರವೂ ವಹಿಸಲಾರದೆ ಹೆಂಡತಿಯ ಪರವೂ ವಹಿಸಲಾರದೆ, ಡ್ಯೂಟಿ ಇಲ್ಲದ ದಿನವೂ ಡಿಪೋಗೆ ಹೋಗಿ ಕೂರುತ್ತಿದ್ದ. ಅಂಗಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಉಪದೇಶ. ನೀರು ಜಾಸ್ತಿ ಕುಡಿ ಎಂದರು, ಬಿಸಿಲಿಗೆ ಹೋಗಬೇಡ ಎಂದರು, ಯಾರದೋ ದೃಷ್ಟಿ ಎಂದರು. ತುಟಿ ಇವಳದು, ಬಾಯಿ ಊರಿನದು.

ಭಾನುವಾರ ಅವಳು ಹೋದಳು, ಹೇಳಿದಳು. ತಂಗಿಯ ಬಾಮಿನಿಂದ ಏನೂ ಆಗಿಲ್ಲ, ನಾನೇ ದುಡುಕಿ ಆಡಿದೆ ಎಂದು, ಒಡೆದ ತುಟಿಯಿಂದ, ಹೂವಿನ ಅಂಗಡಿಯವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಹೇಳುವಾಗ ಮೂಲೆಯಲ್ಲಿ ಬಿರುಕು ಬಿಟ್ಟು ರಕ್ತ ಬಂತು. ತಂಗಿ ಕರವಸ್ತ್ರ ಕೊಟ್ಟಳು. ಅಲ್ಲಿಗೆ ಮಾತು ಮತ್ತೆ ಶುರುವಾಯಿತು, ಶನಿವಾರ ಮಧ್ಯಾಹ್ನ ತಂಗಿ ಮನೆಗೆ ಬರುವುದೂ ಶುರುವಾಯಿತು. ಆದರೆ ಗುಂಡಿಯಕ್ಕನ ಎದೆಯಲ್ಲಿ ಏನೋ ಒಂದು ಮುಳ್ಳಿನ ಹಾಗೆ ಉಳಿಯಿತು. ತಪ್ಪೊಪ್ಪಿಕೊಂಡವರಿಗೆ ಹಗುರವಾಗುತ್ತದಂತೆ. ಇವಳಿಗೆ ಆಗಲಿಲ್ಲ.

ಎರಡು ತಿಂಗಳ ಹಿಂದೆ ಹೆಸರು ಬರೆಸಿದ್ದ ಚರ್ಮದ ಡಾಕ್ಟರ ಸರದಿ ಬಂದದ್ದು ಆ ಮುಂದಿನ ವಾರ. ಡಾಕ್ಟರಮ್ಮ ಅವಳ ಬೆನ್ನಿನ ತುಂಬ ಬಗೆಬಗೆಯ ಔಷಧಿಯ ಚುಕ್ಕೆಗಳಿದ್ದ ಪಟ್ಟಿ ಅಂಟಿಸಿ, ಎರಡು ದಿನ ನೀರು ಸೋಕಿಸಬಾರದು, ಬೆವರಬಾರದು ಎಂದರು. ಗುಂಡಿಯಕ್ಕ ಎರಡು ದಿನ ಗೋಡೆಗೂ ಒರಗದೆ, ತುರಿಸಿದರೆ ಕೆರೆಯಲೂ ಆಗದೆ, ಸಿಕ್ಕವರ ಮೇಲೆ ಹರಿಹಾಯ್ದಳು. ಪಟ್ಟಿ ತೆಗೆದು, ಮತ್ತೆರಡು ದಿನ ಬಿಟ್ಟು ನೋಡಿದಾಗ, ಅಷ್ಟು ಚುಕ್ಕೆಗಳಲ್ಲಿ ಎರಡೇ ಎರಡು ಕೆಂಪಗೆ ಉಬ್ಬಿದ್ದವು. ಒಂದು ಜೇನುಮೇಣ. ಇನ್ನೊಂದು, ಹಸಿ ಮೇಣದಲ್ಲಿ ಸೇರಿಕೊಂಡಿರುವ ಜೇನುಗೂಡಿನ ಅಂಟು.

ಲಿಪ್ ಬಾಮುಗಳಲ್ಲಿ ಮುಕ್ಕಾಲುಪಾಲು ಇದೇ ಇರುತ್ತದೆ, ಹಚ್ಚುವುದನ್ನು ಬಿಡಿ ಎಂದರು ಡಾಕ್ಟರಮ್ಮ. ಬಿಟ್ಟು ನಾಲ್ಕು ವಾರ ದಾಟಿತು ಎಂದಳು ಇವಳು. ಅವರು ಕನ್ನಡಕದ ಮೇಲಿನಿಂದ ನೋಡಿದ ನೋಟದಲ್ಲೇ ನಂಬಿಲ್ಲವೆಂದು ಗೊತ್ತಾಯಿತು. ಬಿಟ್ಟೆ ಎನ್ನುವವರು ಬಹಳ ಜನ ಬರುತ್ತಾರಮ್ಮ ಎಂದು, ಫಲಿತಾಂಶ ಬರೆದ ಚೀಟಿಯನ್ನು ಕೈಗೆ ಕೊಟ್ಟು, ಮುಂದಿನವರನ್ನು ಕರೆದರು.

ಹೊರಗೆ ಬಂದ ಗುಂಡಿಯಕ್ಕನ ಮೈ ಉರಿದುಹೋಯಿತು. ಅಂದರೆ ತಾನು ಮೊದಲು ಹೇಳಿದ್ದೇ ಸರಿ! ಸರಿಯಿದ್ದೂ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದಾಯಿತು. ಸಾಲದ್ದಕ್ಕೆ ಈ ಡಾಕ್ಟರ ಕಣ್ಣಿನಲ್ಲಿ ಸುಳ್ಳಿಯೂ ಆದದ್ದಾಯಿತು. ಹಾಗಿದ್ದರೆ, ಇಷ್ಟು ದಿನ ಏನೂ ಹಚ್ಚದಿದ್ದರೂ ತುಟಿ ಯಾಕೆ ವಾಸಿಯಾಗಲಿಲ್ಲ?

ಅದೇ ಬಿರುಸಿನಲ್ಲಿ ಅಂಗಡಿಗೆ ಬಂದು ಕೂತು, ಅರ್ಧಕ್ಕೆ ನಿಂತಿದ್ದ ಕೋಟನ್ನು ತೊಡೆಯ ಮೇಲೆಳೆದುಕೊಂಡಳು. ದಾರ ಅಳೆದಳು, ಗಟ್ಟಿಯಾಗಲೆಂದು ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದಳು, ತುದಿಯನ್ನು ತುಟಿಯಲ್ಲಿ ನೆನೆಸಿ ಸೂಜಿಗೆ ಪೋಣಿಸಿದಳು. ಗುಂಡಿ ಹಾಕಿ, ಸುತ್ತಿ, ಗಂಟು ಬಿಗಿದು, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. ನಾಲಿಗೆಗೆ ಸಣ್ಣಗೆ ಜೇನಿನ ರುಚಿ ತಾಗಿತು.

ಕೈ ನಿಂತಿತು.

ಹಲಗೆಯ ಮೇಲಿನ ಉಂಡೆಯನ್ನು ನೋಡಿದಳು. ಇಪ್ಪತ್ತೊಂದು ವರ್ಷ ದಾರಕ್ಕೆ ಎಳೆದದ್ದು ಜೇನುಮೇಣವಿಲ್ಲದ ಮೊಂಬತ್ತಿಯ ತುಂಡು. ಈ ಹಳದಿ ಉಂಡೆ ಬಂದದ್ದು ಎಂಟು ತಿಂಗಳ ಹಿಂದೆ. ಮೊದಲ ಬಾಮಿನ ಪಾತ್ರೆಯಲ್ಲಿ ಮಿಕ್ಕ ಮೇಣವನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ನಿನ್ನ ದಾರಕ್ಕಾಗುತ್ತೆ ಇಟ್ಕೋ ಅಕ್ಕ ಎಂದು ತಂಗಿಯೇ ಕೊಟ್ಟದ್ದು. ದಿನಕ್ಕೆ ನಲವತ್ತು ಗುಂಡಿ, ನಲವತ್ತು ಸಲ ನೆನೆಸುವುದು, ನಲವತ್ತು ಸಲ ಕಚ್ಚುವುದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಉಂಡೆಯನ್ನು ಡ್ರಾಯರಿಗೆ ಎಸೆದಳು. ಮಾಸ್ಟರು ಏನಾಯಿತೆಂದು ಕೇಳಿದ್ದಕ್ಕೆ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದುಬಿಟ್ಟಳು.

ಮೊಂಬತ್ತಿ ಮರಳಿತು, ಕತ್ತರಿ ಬಂತು. ಹದಿನೈದೇ ದಿನದಲ್ಲಿ ತುಟಿ ಹೂವಾಯಿತು. ತಂಗಿಗೆ ಹೇಳಬೇಕು, ಚೀಟಿಯನ್ನು ಮುಖಕ್ಕೆ ಹಿಡಿಯಬೇಕು ಎಂದು ಪ್ರತಿ ಶನಿವಾರ ಸಿದ್ಧವಾಗಿ ಕೂರುತ್ತಿದ್ದಳು. ತಂಗಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅಕ್ಕಾ ಎಂದು ಕುರ್ಚಿ ಎಳೆದುಕೊಂಡ ಕೂಡಲೇ ಚೀಟಿಯನ್ನು ಗಿರಾಕಿಗಳ ಅಳತೆ ಪುಸ್ತಕದೊಳಗೆ ತುರುಕಿಬಿಡುತ್ತಿದ್ದಳು. ಮತ್ತೆ ಮೂರು ವಾರ ಆ ಖಾಲಿ ಕುರ್ಚಿ ನೋಡುವ ಶಕ್ತಿ ಅವಳಿಗಿರಲಿಲ್ಲ. ಹೋಗಲಿ, ಸರಿಯಿದ್ದವಳು ನಾನು ಎಂದು ನನಗೆ ಗೊತ್ತಿದ್ದರೆ ಸಾಕು ಎಂದುಕೊಳ್ಳುವಳು. ಸಾಕಾಗುತ್ತಿರಲಿಲ್ಲ. ಆ ಸಿಟ್ಟೆಲ್ಲ ಪಾತ್ರೆಗಳ ಮೇಲೆ ಹೋಗುತ್ತಿತ್ತು.

ಐದನೆಯ ಶನಿವಾರ ತಂಗಿ ದೊಡ್ಡ ಲಕೋಟೆ ಹಿಡಿದುಕೊಂಡು ಬಂದಳು. ಡಬ್ಬಿಗೆ ಅಂಟಿಸುವ ಚೀಟಿಗಳು, ಐದು ನೂರು, ಆಗಷ್ಟೇ ಅಚ್ಚಾಗಿ ಬಂದವು. ಅಕ್ಕನ ತುಟಿ ವಾಸಿಯಾದ ಖುಷಿಗೆ ಒಂದು ಸಾಲು ಸೇರಿಸಿದ್ದೇನೆ, ಓದು ಎಂದಳು. ಚೀಟಿಯ ಕೆಳ ಅಂಚಿನಲ್ಲಿ ಬರೆದಿತ್ತು: 'ಸೂಕ್ಷ್ಮ ತುಟಿಗೂ ಹಾನಿಯಿಲ್ಲ. ನಮ್ಮಕ್ಕನ ತುಟಿಯೇ ಸಾಕ್ಷಿ.'

ಗುಂಡಿಯಕ್ಕ ಎರಡು ಸಲ ಓದಿದಳು. ತನ್ನೊಬ್ಬಳ ತುಟಿಯಾಗಿದ್ದರೆ ನುಂಗಿಕೊಂಡಿರುತ್ತಿದ್ದಳು. ಈಗ ಎಲ್ಲೋ ಇನ್ನೊಬ್ಬಳು, ತುಟಿ ಒಡೆದವಳು, ಈ ಸಾಲನ್ನು ನಂಬಿ ಹಚ್ಚುತ್ತಾಳೆ; ಒಡೆದದ್ದಕ್ಕೆ ಇನ್ನಷ್ಟು ಹಚ್ಚುತ್ತಾಳೆ. ಎದ್ದು ಹೋಗಿ ಅಳತೆ ಪುಸ್ತಕದೊಳಗಿಂದ ಡಾಕ್ಟರ ಚೀಟಿ ತಂದು ತಂಗಿಯ ಮುಂದಿಟ್ಟಳು. ಮೇಣದ ಉಂಡೆಯ ಕಥೆಯನ್ನೂ, ದಾರ ಕಚ್ಚುವುದನ್ನೂ ಒಂದೇ ಉಸಿರಿಗೆ ಹೇಳಿದಳು.

ತಂಗಿ ಚೀಟಿಯ ಮೇಲಿನ ತಾರೀಖು ನೋಡಿದಳು. "ಐದು ವಾರದಿಂದ ಇಟ್ಕೊಂಡಿದೀಯಾ?"

"ಹೇಳಿದ್ರೆ ಮತ್ತೆ ಮಾತು ಬಿಡ್ತಿದ್ದೆ ನೀನು."

"ಹೌದು, ಬಿಡ್ತಿದ್ದೆ." ತಂಗಿ ಚೀಟಿಯನ್ನು ಮಡಚಿಡುತ್ತ ಹೇಳಿದಳು: "ಎಲ್ರಿಗೂ ಆಗಲ್ವಲ್ಲ ಅಕ್ಕ. ಇನ್ನೂರು ಜನ ಹಚ್ತಿದಾರೆ, ಒಬ್ರಿಗೂ ಏನೂ ಆಗಿಲ್ಲ."

"ಆಗದೇ ಇರೋರು ಹಚ್ಲಿ, ನಾನೇನು ಬೇಡ ಅಂದ್ನಾ? ಆಗೋರಿಗೂ ಆಗಲ್ಲ ಅಂತ ಅಚ್ಚು ಹಾಕ್ಸಬೇಡ. ಅದೂ ನನ್ನ ತುಟಿ ಇಟ್ಕೊಂಡು."

ತಂಗಿಯ ಮುಖ ಕೆಂಪಾಯಿತು. ಲಕೋಟೆ ಎತ್ತಿಕೊಂಡು ಹೊರಟೇಹೋಗುತ್ತಾಳೆ ಎಂದು ಗುಂಡಿಯಕ್ಕ ಕುರ್ಚಿಯ ಕೈ ಹಿಡಿದು ಕಾದಳು. ತಂಗಿ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ದೊಡ್ಡ ಕತ್ತರಿ ಎಲ್ಲಿದೆ ಎಂದು ಕೇಳಿದಳು.

ಇಬ್ಬರೂ ಕೂತು ಆ ಸಾಲನ್ನು ಕತ್ತರಿಸಿ ತೆಗೆಯತೊಡಗಿದರು. ತಂಗಿಯದು ಸೊಟ್ಟ, ಅಕ್ಕನದು ಗೆರೆ ಎಳೆದಷ್ಟು ನೇರ. ಕತ್ತರಿಸಿದ್ದು ಮುನ್ನೂರು ದಾಟಿತು. ಆಮೇಲೆ ತಂಗಿ ತಲೆಯೆತ್ತದೆ ಹೇಳಿದಳು: "ನಾಳೆ ಮಾರ್ಕೆಟ್ಟಿಗೆ ಬಾ. ಈ ಸಲ ಹೇಳೋದು ನಾನು."

ಈ ಮಾತಿಗೆ ಕೊಡಲೆಂದು ಗುಂಡಿಯಕ್ಕ ಐದು ವಾರದಿಂದ ಕೂಡಿಟ್ಟಿದ್ದ ಉತ್ತರಗಳು ಹತ್ತಾರಿದ್ದವು. ಆದರೆ ಕಣ್ಣಿಗೆ ಬಿದ್ದದ್ದು ತಂಗಿಯ ಅಂಗಿತೋಳಿನ ತುದಿಯಲ್ಲಿ ಒಂದೇ ಎಳೆಯಲ್ಲಿ ಜೋತಾಡುತ್ತಿದ್ದ ಗುಂಡಿ. ಗುಂಡಿಯಕ್ಕನ ತಂಗಿ ಹೀಗೆ ಬೀದಿಯಲ್ಲಿ ಬಂದಳೇ ಎಂದು ಗದರಿಕೊಂಡು, ಸೂಜಿದಾರ ತಂದು, ಅವಳ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಹೊಲಿದಳು. ಗಂಟು ಬಿಗಿದು, ಇಪ್ಪತ್ತೆರಡು ವರ್ಷದ ರೂಢಿಯಂತೆ ದಾರ ಕಚ್ಚಲು ಬಾಗಿದಳು.

ತಂಗಿ ಇನ್ನೊಂದು ಅಂಗೈಯನ್ನು ಥಟ್ಟನೆ ಅವಳ ಬಾಯಿಗೆ ಅಡ್ಡ ಹಿಡಿದಳು. ಮೊಂಬತ್ತಿಯದು ಕಣೇ ಎಂದು ಅಕ್ಕ ಹೇಳುವಷ್ಟರಲ್ಲಿ, ಬೆಂಕಿ ತಾಗಿದವಳಂತೆ ಆ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬೆಳಿಗ್ಗೆಯಿಂದ ಮೇಣ ಸೋಸಿದ ಕೈ ಅದು. ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಇತ್ತು. ಅವಳು ಅದನ್ನು ನೋಡಿದಳು, ಅಕ್ಕನ ತುಟಿಯನ್ನು ನೋಡಿದಳು.

"ಇರು, ಕೈ ತೊಳ್ಕೊಂಡು ಬರ್ತೀನಿ," ಎಂದು ತಂಗಿ ಎದ್ದಳು. ತೋಳಿನಿಂದ ಸೂಜಿದಾರ ಹಾಗೇ ಜೋತುಬಿದ್ದಿತ್ತು. ಅಡುಗೆಮನೆಯ ನಲ್ಲಿ ಬಹಳ ಹೊತ್ತು ಓಡಿತು. ಗುಂಡಿಯಕ್ಕ ಕತ್ತರಿ ಹಿಡಿದುಕೊಂಡು ಅವಳು ಬರುವವರೆಗೆ ಕೂತಿದ್ದಳು.