ಎರಡು ಸಲ ಹಾಡಿದ ಶೋಕ

“ಸಿದ್ರಾಮನ ದನಿ ಅದರಾಗ ಇದ್ರ ನಾ ಹಾಡಂಗಿಲ್ಲ, ನೋಡು.”

ನನ್ನ ಪಾಡ್‌ಕಾಸ್ಟಿಗೆ ಹಾಡಲು ಅಪ್ಪ ಹಾಕಿದ ಷರತ್ತು ಇದೊಂದೇ. ನಾನು ಹೂಂ ಅಂದೆ. ಹಿಂದಿನ ದಿನವೇ ಮಾನ್ವಿಗೆ ಹೋಗಿ ಸಿದ್ರಾಮ ಕಾಕಾನನ್ನು ಒಪ್ಪಿಸಿ ಬಂದಿದ್ದೆ. ಸುಳ್ಳು ಹೇಳುವುದು ನನಗೆ ಹಳೆಯ ರೂಢಿ.

ನಮ್ಮಪ್ಪ ಕನಕರಾಯ ಅರಕೇರಾದವನು. ಹಗಲೆಲ್ಲ ಕುರಿ ಕಾಯ್ದು, ಸುಗ್ಗಿ ಮುಗಿದ ಮೇಲೆ ದೊಡ್ಡಾಟದಲ್ಲಿ ರಾಣಿಯ ಪಾತ್ರ ಕಟ್ಟಿ ಮೂವತ್ತು ವರ್ಷ ಕುಣಿದವನು. ಅವನು ಮೀಸೆ ಬೋಳಿಸಿ ಸೀರೆಯುಟ್ಟು ನಿಂತರೆ ನಮ್ಮವ್ವ ಬೂದೆಮ್ಮನಿಗೇ ಹೊಟ್ಟೆಕಿಚ್ಚಾಗುತ್ತಿತ್ತು. ಸಿದ್ರಾಮ ಕಾಕಾ ಅದೇ ಮೇಳದ ಸಾರಥಿ. ರಂಗಕ್ಕೆ ಬಂದವರನ್ನೆಲ್ಲ ನೀವು ಯಾರು, ಯಾಕೆ ಬಂದಿರಿ, ಯಾಕೆ ಅಳುತ್ತೀರಿ ಎಂದು ಕೇಳಿ ಕಥೆ ಮುಂದೆ ನಡೆಸುವುದು ಅವನ ಕೆಲಸ. ಒಂದೇ ತಾಟಿನಲ್ಲಿ ಉಂಡವರು. ಒಂಬತ್ತು ವರ್ಷದಿಂದ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದ.

ಆ ಮಾತು ಬಿಡಿಸಿದವಳು ನಾನು. ಅಂದು ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಆಟವಿತ್ತು; ಅಪ್ಪನ ಸೀರೆ, ಜಡೆ ನೋಡಿಕೊಳ್ಳಲು ನಾನೂ ಹೋಗಿದ್ದೆ. ಬೆಳಗಾಗಲು ಎರಡು ತಾಸು ಇದ್ದಾಗ ನನ್ನ ಫೋನಿಗೆ ಸುದ್ದಿ ಬಂತು. ಹಿಂದಿನ ಸಂಜೆ ಗೂಗಲ್ ಎಂಬ ಊರಿನ ಹತ್ತಿರ ಕುರಿಗಳಿಗೆ ನೀರು ಕುಡಿಸಲು ಹೋಗಿದ್ದ ನನ್ನ ತಮ್ಮ ಗುರುಸಿದ್ದ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಕಾಕಾನಿಗೆ ಹೇಳಿದೆ. ಅವನು ಕೂಡಲೇ ಆಟ ನಿಲ್ಲಿಸಲು ಎದ್ದ. ನಾನೇ ಅವನ ಕೈ ಹಿಡಿದು ಬೇಡ ಅಂದೆ. ಬಣ್ಣ ಹಚ್ಚಿದವರ ಕಿವಿಗೆ ಮಂಗಳದ ಪದ ಮುಗಿಯುವವರೆಗೆ ಸಾವಿನ ಸುದ್ದಿ ಹಾಕಬಾರದು ಎಂಬುದು ನಮ್ಮ ಮೇಳದ ಕಟ್ಟಳೆ. ಅದನ್ನೇ ಅಡ್ಡ ಹಿಡಿದೆ. ನಿಜವೆಂದರೆ ಅಪ್ಪನ ಮುಖ ನೋಡಿ ಆ ಮಾತು ಆಡುವ ಧೈರ್ಯ ನನಗಿರಲಿಲ್ಲ.

ಆ ಆಟದಲ್ಲಿ ಕೊನೆಗೆ ರಾಣಿಯ ಮಗ ಸಾಯುತ್ತಾನೆ. ಅಪ್ಪ ಶೋಕದ ಪದ ಹಾಡಿದ. ಜನ ಸಿಳ್ಳೆ ಹೊಡೆದು ಒನ್ಸ್ ಮೋರ್ ಅಂದರು. ಅಪ್ಪ ಹಿಗ್ಗಿ ಹೀರೆಕಾಯಿಯಾಗಿ, ಕೈಮುಗಿದು, ಇನ್ನೊಮ್ಮೆ ಹಾಡಿದ. ನಾನು ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದೆ.

ಮಂಗಳ ಮುಗಿದ ಮೇಲೆ ವಿಷಯ ತಿಳಿದ ಅಪ್ಪ ಕೇಳಿದ್ದು ಒಂದೇ ಮಾತು: “ಮುಚ್ಚಿಟ್ಟಾಂವ ಯಾಂವ?”

“ನಾನ, ಕನಕರಾಯ,” ಅಂದ ಕಾಕಾ. ನಾನು ತೆರೆದ ಬಾಯಿ ಮುಚ್ಚಿದೆ.

ಈಗ ನಾನು ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಏಳು ತಾಸಿನ ಆಟವನ್ನು ಆರು ಕಂತಿನ ಪಾಡ್‌ಕಾಸ್ಟ್ ಮಾಡಲು ಹೊರಟಾಗ ಕಲೆ ಉಳಿಯಬೇಕು ಎಂದು ಕಂಡವರಿಗೆಲ್ಲ ಭಾಷಣ ಬಿಗಿದೆ. ಕಲೆಯದೇನೂ ಅಲ್ಲ, ಈ ಇಬ್ಬರು ಮುದುಕರನ್ನು ಕೂಡಿಸಬೇಕಿತ್ತು. ಪಾಡ್‌ಕಾಸ್ಟಿನಲ್ಲಿ ಇಬ್ಬರೂ ಎದುರುಬದುರು ನಿಲ್ಲಬೇಕಿಲ್ಲ. ದನಿಗಳನ್ನು ಬೇರೆ ಬೇರೆ ಹಿಡಿದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಜೋಡಿಸಿ ಕೇಳಿಸಿದರೆ ಅಪ್ಪ ಕರಗುತ್ತಾನೆ, ಆಗ ನಿಜ ಹೇಳುವುದು ಸುಲಭ ಅಂದುಕೊಂಡಿದ್ದೆ.

ಅರಕೇರಾದ ಮನೆಯ ಗೋಡೆಗೆಲ್ಲ ಕೌದಿ ಕಟ್ಟಿ, ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ ಮೈಕು ಇಟ್ಟೆ.

“ಕುಣಿತ ಕಾಣದ ಆಟ ಎಂಥಾ ಆಟ ಬೇ?” ಎಂದು ಅಪ್ಪ ಗೊಣಗಿದ. ಆದರೂ ಗೆಜ್ಜೆ ಇಲ್ಲದೆ ದನಿ ಏಳುವುದಿಲ್ಲವೆಂದು ಗೆಜ್ಜೆ ಕಟ್ಟಿಕೊಂಡೇ ನಿಂತ. ಸಾರಥಿಯ ಮಾತುಗಳನ್ನು ನಾನು ಓದಿದೆ, ಅವನು ಉತ್ತರ ಕೊಟ್ಟ. ಶೋಕದ ಪದ ಮುಗಿದದ್ದೇ, “ಇನ್ನೊಮ್ಮಿ ಅನಬ್ಯಾಡ” ಎಂದು ಕುರಿಹಟ್ಟಿಗೆ ಹೋಗಿಬಿಟ್ಟ.

ಮಾನ್ವಿಯಲ್ಲಿ ಕಾಕಾನ ಮನೆ ಅಕ್ಕಿ ಗಿರಣಿಗೆ ಅಂಟಿಕೊಂಡೇ ಇದೆ. ಗಿರಣಿಯವರು ಊಟಕ್ಕೆ ನಿಲ್ಲಿಸಿದಾಗಲೇ ನಮ್ಮ ರೆಕಾರ್ಡಿಂಗು. ಹೆಡ್‌ಫೋನಿನಲ್ಲಿ ಅಪ್ಪನ ಪದ ಕೇಳಿಸಿದೆ. ಕಾಕಾ ಗಳಗಳ ಅತ್ತ.

“ದನಿ ಇನ್ನೂ ಹಂಗ ಐತಲ್ಲ ಬೇ!” ಅಂದ. ಕಣ್ಣೊರೆಸಿಕೊಂಡು, ನೆಟ್ಟಗೆ ಕೂತು, “ಯಾತಕ್ಕೆ ಶೋಕ ಮಾಡುವಿರಿ, ತಾಯೇ?” ಎಂದು ಹಳೆಯ ಗತ್ತಿನಲ್ಲೇ ಕೇಳಿದ.

ಹೊರಡುವಾಗ, “ಅಪ್ಪಗ ಅವತ್ತಿನ ಖರೇ ಮಾತು ಹೇಳಿದೇನವ್ವಾ?” ಅಂದ.

“ಎಲ್ಲಾ ಮುಗಿಸಿ ಹೇಳ್ತೀನಿ ಕಾಕಾ.”

“ಗಡಬಡಿ ಬ್ಯಾಡ. ಆದ್ರ ನನಗೂ ವಯಸ್ಸಾತು, ನೋಡವ್ವಾ.”

ಅದಾದ ಹನ್ನೊಂದನೆಯ ದಿನಕ್ಕೆ ಕಾಕಾ ತೀರಿಕೊಂಡ. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಅಪ್ಪನಿಗೆ ಫೋನ್ ಮಾಡಿದೆ.

“ಸತ್ರ ಸತ್ತ. ನನಗ್ಯಾಕ ಹೇಳಾಕತ್ತಿ?”

ಆಗಲೇ ನಿಜ ಹೇಳಿದ್ದರೆ ಅವನು ಬಿದ್ದೆನೋ ಎದ್ದೆನೋ ಎಂದು ಮಾನ್ವಿಗೆ ಓಡುತ್ತಿದ್ದ. ಫೋನ್ ಇಟ್ಟುಬಿಟ್ಟೆ. ಒಬ್ಬಳೇ ಹೋಗಿ ಮಣ್ಣು ಕೊಟ್ಟು ಬಂದೆ.

“ನಿಮ್ಮಪ್ಪ ಬರ್ಲಿಲ್ಲೇನವ್ವಾ? ಬರ್ತಾನ, ಬರ್ತಾನ ಅಂತಿದ್ದ,” ಎಂದು ಕಾಕಾನ ಹೆಂಡತಿ ಕೇಳಿದಳು. ಬಸ್ಸು ಸಿಗಲಿಲ್ಲ ಅಂದೆ.

ಮೂರನೆಯ ದಿನ ಅರಕೇರಾಕ್ಕೆ ಹೋಗಿ, ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಕೊನೆಯ ಕಂತು ಹಾಕಿದೆ. ಸಾರಥಿಯ ದನಿ ಬಂದಾಗ ಹೆಡ್‌ಫೋನ್ ಕಿತ್ತೆಸೆಯಲು ಅವನ ಕೈ ಮೇಲೆದ್ದಿತು. ಕಿತ್ತೆಸೆಯಲಿಲ್ಲ. ಪದ ಮುಗಿಯುವವರೆಗೂ ಕೇಳಿದ.

“ನನಗ ಸುಳ್ಳು ಹೇಳಿದಿ,” ಅಂದ.

“ಯಪ್ಪಾ, ಅವತ್ತು ಮುಚ್ಚಿಟ್ಟಾಕಿನೂ ನಾನ. ಕಾಕಾ ಆಟ ನಿಂದರಸ್ತೀನಿ ಅಂದ. ನಾನ ಬ್ಯಾಡ ಅಂದೆ. ನನ್ನ ಸಲುವಾಗಿ ಅಂವ ತನ್ನ ಮ್ಯಾಲ ಹಾಕ್ಕೊಂಡ.”

ಅಪ್ಪ ಹೆಡ್‌ಫೋನ್ ತೆಗೆದು ಕಟ್ಟೆಯ ಮೇಲಿಟ್ಟ.

“ಮಣ್ಣಾತೇನು?”

“ಮೊನ್ನಿ ಆತು.”

“ಅವತ್ತು ನೀ ಸಣ್ಣಾಕಿ ಇದ್ದಿ, ಅಂಜಿದಿ, ಹೋಗ್ಲಿ. ಮೊನ್ನಿ ಫೋನ್ ಮಾಡಿದಾಗ ಬಾಯಾಗ ಏನಿತ್ತು ನಿನಗ? ಅವನ ಮುಖಾನೂ ನೋಡಗೊಡಲಿಲ್ಲಲ್ಲ.”

ನಾನು ಅವನ ಕಾಲು ಹಿಡಿದುಕೊಂಡು ಅತ್ತೆ. ಅವನು ಕಾಲು ಎಳೆದುಕೊಂಡು, ರುಮಾಲು ಸುತ್ತಿ, ದೇವದುರ್ಗದ ಬಸ್ಸಿಗೆ ನಡೆದ. ಅಲ್ಲಿಂದ ಮಾನ್ವಿಗೆ ಹೋಗುವವನಿದ್ದ. ನಾನೂ ಹಿಂದೆ ಹೊರಟೆ.

“ನೀ ಬರಬ್ಯಾಡ,” ಅಂದ. ಅದೇ ಅವನು ನನಗೆ ಆಡಿದ ಕೊನೆಯ ಮಾತು.

ಪಾಡ್‌ಕಾಸ್ಟ್ ಬಂದು ಏಳು ತಿಂಗಳಾಯಿತು. ಇಬ್ಬರೂ ಎದುರುಬದುರು ಕೂತು ಹಾಡಿದಂತಿದೆ ಎಂದು ಜನ ಬರೆಯುತ್ತಾರೆ. ಮನೆಗೆ ಫೋನ್ ಮಾಡಿದರೆ ಅವ್ವ ಎತ್ತುತ್ತಾಳೆ. ಆಚೆ ಅಪ್ಪ ಕೆಮ್ಮುವುದು ಕೇಳುತ್ತದೆ.

“ಅಪ್ಪಗ ಕೊಡವ್ವಾ,” ಅಂದರೆ, “ಬ್ಯಾಡ ಅಂತಾನ ರಾಧಾ,” ಅನ್ನುತ್ತಾಳೆ.

ಈ ಸಿಟ್ಟನ್ನು ಒಂಬತ್ತು ವರ್ಷ ಕಾಕಾ ನನ್ನ ಬದಲಿಗೆ ಉಂಡ. ಈಗ ನನ್ನ ಪಾಳಿ. ಎಷ್ಟು ವರ್ಷ ಅಂತ ಅಪ್ಪ ಹೇಳಿಲ್ಲ.